ಶೆಡ್ಡಿನೊಳಗಿನ ತವರುಮನೆ

ಇವತ್ತು ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ನಿಮ್ಮ ಮನೆಯಲ್ಲಿ ದಿನವೂ ಉಕ್ಕುತ್ತಿರಬಹುದು. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಬರ್ನರಿನ ಸುತ್ತ ಕಂದು ಕಲೆ ಅಂಟಿಕೊಂಡು ಅದೂ ಒಲೆಯದೇ ಒಂದು ಭಾಗವಾಗಿಬಿಟ್ಟಿರುತ್ತದೆ. ನನ್ನ ಮನೆಯಲ್ಲಿ ಹಾಲು ಉಕ್ಕುವುದಿಲ್ಲ. ಹಾಲಿಟ್ಟ ಮೇಲೆ ನಾನು ಒಲೆಯ ಮುಂದಿನಿಂದ ಕದಲುವವಳಲ್ಲ. ಫೋನು ಬಡಿದುಕೊಂಡರೆ ಬಡಿದುಕೊಳ್ಳಲಿ, ಬಾಗಿಲಿಗೆ ಬಂದವರು ನಿಂತಿರಲಿ. ಕೆನೆ ಮೇಲೇಳುವ ಮುಂಚೆ ಅದರ ಅಂಚಿನಲ್ಲಿ ಒಂದು ಸಣ್ಣ ಸುಕ್ಕು ಬೀಳುತ್ತದೆ. ಆ ಸುಕ್ಕು ಕಂಡಿತೋ, ನನ್ನ ಕೈ ತಾನಾಗಿ ಒಲೆಯ ಗುಂಡಿಗೆ ಹೋಗುತ್ತದೆ. ಅರ್ಧ ಆಯುಷ್ಯವನ್ನು ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಕಳೆದ ಕೈ ಅದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಬಿಡಿಭಾಗವನ್ನೂ ಪಕ್ಕಕ್ಕಿಟ್ಟು ಅಭ್ಯಾಸ.

ಇವತ್ತು ತಪ್ಪಿದ್ದಕ್ಕೆ ಕಾರಣ ಕಿಟಕಿ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಇಷ್ಟು ವರ್ಷ ಹೇಗೋ ಉಳಿದುಕೊಂಡು ಬಂದಿದ್ದ ಖಾಲಿ ಜಾಗದಲ್ಲಿ ಈಗ ಬಂಡೆ ಒಡೆಯುತ್ತಿದ್ದಾರೆ. ಹೈದರಾಬಾದಿನ ಈ ಮಣಿಕೊಂಡದಲ್ಲಿ ಇನ್ನೂ ಒಡೆಯಲು ಬಂಡೆ ಉಳಿದಿತ್ತು ಎಂಬುದೇ ಆಶ್ಚರ್ಯ. ಬಂಡೆಯ ಪಕ್ಕಕ್ಕೆ ನೀಲಿ ತಗಡಿನ ಶೆಡ್ಡುಗಳು ಎದ್ದಿವೆ. ಒಂದು ಶೆಡ್ಡಿನ ಮೇಲೆ ಹೆಂಗಸೊಬ್ಬಳು ಕೌದಿ ಒಣಹಾಕುತ್ತಿದ್ದಳು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ, ಅಂಚಿನುದ್ದಕ್ಕೂ ಒತ್ತಾಗಿ ಹೊಲಿದ ಕೌದಿ. ಇವಳು ನಮ್ಮ ಕಡೆಯವಳೇ ಎಂದುಕೊಂಡು ಕತ್ತು ಚಾಚಿ ನೋಡುತ್ತಿದ್ದೆ, ಸೀದ ವಾಸನೆ ಬಂತು.

ಆ ಶೆಡ್ಡುಗಳ ವಿಷಯ ಮಾತಾಡಲು ನಿನ್ನೆ ಸಂಜೆ ಮೂರನೇ ಮಹಡಿಯ ಹುಡುಗ ಬಂದಿದ್ದ. ಹುಡುಗನೆಂದರೆ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ, ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿ. ಒಳ್ಳೆಯ ಹುಡುಗನೇ. ನಮ್ಮ ಗೋಡೆಗೇ ಒತ್ತಿಕೊಂಡು ಶೆಡ್ಡು ಹಾಕಿದ್ದಾರೆ, ಹೊಗೆ ಬರುತ್ತದೆ, ಸೊಳ್ಳೆ ಬರುತ್ತದೆ, ತೆಗೆಸಲು ಹೇಳಬೇಕು, ನಾಳೆ ಬೆಳಿಗ್ಗೆ ಅಲ್ಲಿನ ಬಿಲ್ಡರನನ್ನು ಕರೆಸಿದ್ದೇವೆ, ನೀವೇ ಮಾತಾಡಬೇಕು ಎಂದ. ಕಟ್ಟಡದಲ್ಲಿ ನನಗಿಂತ ಹಳಬರಿಲ್ಲ, ನನ್ನ ಬಾಯಿಗೆ ಹೆದರದವರೂ ಇಲ್ಲ. ಆಗಲಿ ಎಂದಿದ್ದೆ.

ಈ ಶೆಡ್ ಎಂಬ ಪದ ನಾನು ಹುಟ್ಟಿದಾಗಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮಪ್ಪ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದರು. ಅಪ್ಪ ಎಲ್ಲಿ ಎಂದು ಯಾರು ಕೇಳಿದರೂ ಅವ್ವನ ಉತ್ತರ ಒಂದೇ, "ಶೆಡ್ಡಿಗೆ ಹೋಗ್ಯಾರ." ಎಂಜಿನ್ನುಗಳು ರಾತ್ರಿ ಮಲಗಲು ಬರುವ ಮನೆ ಅದು ಎಂದು ನಾನು ತಿಳಿದಿದ್ದೆ. ನಮ್ಮ ಮನೆಯ ಊಟ, ಸ್ನಾನ, ಬೈಗುಳ ಎಲ್ಲವೂ ಆ ಶೆಡ್ಡಿನ ಸೈರನ್ನಿಗೆ ಸರಿಯಾಗಿ ನಡೆಯುತ್ತಿದ್ದವು. ಶಾಲೆಗೆ ಹೋದರೆ ಅಲ್ಲಿ ಕೋಣೆಗಳು ಸಾಲದೆ ನಮ್ಮ ತರಗತಿಗೆ ಒಂದು ತಗಡಿನ ಶೆಡ್ಡು. ಮಳೆ ಬಂದರೆ ಮಾಸ್ತರರ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಮದುವೆಯಾಗಿ ಹೈದರಾಬಾದಿಗೆ ಬಂದು ರಕ್ಷಣಾ ಇಲಾಖೆಯ ಕಾರ್ಖಾನೆ ಸೇರಿದೆ. ನನ್ನನ್ನು ಹಾಕಿದ್ದು ಮೂರನೇ ಶೆಡ್ಡಿಗೆ. ನಮ್ಮವರು ಅಲ್ಲಿಯೇ ಲೆಕ್ಕಪತ್ರ ವಿಭಾಗದಲ್ಲಿದ್ದರು. ಅವರಿಗೆ ಆರ್‌ಸಿಸಿ ಕಟ್ಟಡ, ತಲೆಯ ಮೇಲೆ ಫ್ಯಾನು. ಸಂಜೆ ಬಸ್ಸಿಗೆ ಕಾದು ನಿಂತರೆ, ಡಿಪೋಗೆ ಹೊರಟ ಖಾಲಿ ಬಸ್ಸು ನಿಲ್ಲದೆ ಮುಂದೆ ಹೋಗುತ್ತಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಕೈಯಾಡಿಸಿ ಶೆಡ್ಡಿಗೆ, ಶೆಡ್ಡಿಗೆ ಎನ್ನುತ್ತಿದ್ದ. ನಾನೂ ಅಲ್ಲಿಂದಲೇ ಬಂದೆನಪ್ಪಾ ಎಂದು ಹೇಳಬೇಕೆನಿಸುತ್ತಿತ್ತು.

ನಮ್ಮವರ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಮೈಸೂರಿನ ಕಡೆಯವರು, ಮೆತ್ತಗಿನ ಮಾತು. ಅವರಿಗೆ ಒಂದು ಚಟವಿದೆ. ಆಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳನ್ನು ಹರವುತ್ತಾರಲ್ಲ, ಅಲ್ಲಿಂದ ರಟ್ಟು ಕಿತ್ತುಹೋದ ಒಂದು ದಪ್ಪ ಇಂಗ್ಲಿಷ್ ನಿಘಂಟನ್ನು ಹೊತ್ತು ತಂದಿದ್ದರು. ಯಾವ ಪದ ಎಲ್ಲಿ ಹುಟ್ಟಿತು, ಅದರ ಅಜ್ಜ ಯಾರು, ಮುತ್ತಜ್ಜ ಯಾರು ಎಂಬುದೆಲ್ಲ ಅದರಲ್ಲಿದೆ. ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತರೆ ಅವರು ಎದುರಿಗೆ ಕೂತು ಒಂದೊಂದು ಪದದ ವಂಶಾವಳಿ ಓದುತ್ತಿದ್ದರು. ಕಲ್ಲು ಆರಿಸಲು ಕೈ ಕೊಡಿ ಎಂದರೆ ಕೇಳಿಸುತ್ತಿರಲಿಲ್ಲ.

ಹಾಗೆ ಒಂದು ದಿನ ಶೆಡ್ ಎಂಬುದರ ಸರದಿ ಬಂತು. "ನೋಡೇ, ಶೆಡ್ ಅನ್ನೋದು ನೆರಳು ಅನ್ನೋ ಅರ್ಥದ ಶೇಡ್‌ನದೇ ಇನ್ನೊಂದು ರೂಪವಂತೆ. ಮೂಲದಲ್ಲಿ ಬರೀ ನೆರಳು, ಅಷ್ಟೇ."

ನಾನು ಆಗತಾನೆ ಶಿಫ್ಟು ಮುಗಿಸಿ ಬಂದಿದ್ದೆ. ಬೇಸಿಗೆ. ಬೆನ್ನಿಗೆ ಅಂಟಿದ ರವಿಕೆ ಇನ್ನೂ ಬಿಟ್ಟಿರಲಿಲ್ಲ. "ಏಪ್ರಿಲ್ ತಿಂಗಳ್ದಾಗ ಒಂದಿನ ನಮ್ಮ ಮೂರನೇ ಶೆಡ್ಡಿಗೆ ಬಂದು ನಿಂದರ್ರಿ. ನೆರಳೋ, ರೊಟ್ಟಿ ಹಂಚೋ, ಆಮ್ಯಾಲೆ ಹೇಳೀರಂತ" ಎಂದೆ.

ಅವರಿಗೆ ಇಂಥ ಮಾತು ತಾಗುವುದಿಲ್ಲ. ಓದುತ್ತಲೇ ಹೋದರು. ಆ ಕಾಲದಲ್ಲಿ ಇಂಗ್ಲಿಷಿನವರು ಬಾಯಿಗೆ ಬಂದಂತೆ ಬರೆಯುತ್ತಿದ್ದರಂತೆ. ಹಾಗೆ ನೆರಳು ಸ್ವಲ್ಪ ಗಿಡ್ಡವಾಗಿ ಶೆಡ್ ಆಯಿತಂತೆ. ಎಲೆ ಉದುರಿಸುವುದಕ್ಕೂ ಅವರು ಇದೇ ಮಾತು ಬಳಸುತ್ತಾರೆ, ಆದರೆ ಅದರ ಮನೆತನವೇ ಬೇರೆಯಂತೆ. ಹೆಸರು ಒಂದೇ ಆದ ಮಾತ್ರಕ್ಕೆ ಬೀಗರಾಗುವುದಿಲ್ಲ ಎಂದು ತಾವೇ ಹೇಳಿ ತಾವೇ ನಕ್ಕರು. ಮೊದಲು ಗೋಡೆಗೆ ನಾಲ್ಕು ಗಳ ಒರಗಿಸಿ ಮೇಲೆ ಹುಲ್ಲು ಹೊದಿಸಿದ್ದು ಶೆಡ್. ಕುರಿಗೆ, ದನಕ್ಕೆ, ಮೇವಿಗೆ, ನೇಗಿಲಿಗೆ. ಆಮೇಲೆ ಬಂಡಿಗೆ, ಎಂಜಿನ್ನಿಗೆ, ವಿಮಾನಕ್ಕೆ.

"ಮನುಷ್ಯಾರಿಗೆ?" ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಹಿಂದಿನ ಸಾಲಿಗೆ ಹೋದರು, ಮುಂದಿನ ಸಾಲಿಗೆ ಬಂದರು. "ಮನುಷ್ಯರನ್ನ ಬರೆದಿಲ್ಲ ಕಣೇ."

ಆಗ ಅದನ್ನು ಅಲ್ಲಿಗೇ ಬಿಟ್ಟೆ. ಅಕ್ಕಿಯಲ್ಲಿ ಕಲ್ಲು ಬಹಳವಿತ್ತು.

ನಿವೃತ್ತಿ ಹತ್ತಿರ ಬಂದಾಗ ಕ್ವಾರ್ಟರ್ಸ್ ಬಿಡಬೇಕಾದ ಚಿಂತೆ ಹತ್ತಿತು. ಊರಿಗೆ ಊರೇ ಕಂಪ್ಯೂಟರಿನ ಹಿಂದೆ ಬಿದ್ದಿದ್ದ ಕಾಲ ಅದು. ಬಂಡೆಗಳ ಆಚೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮ ಸಹೋದ್ಯೋಗಿಗಳಲ್ಲಿ ಅರ್ಧ ಮಂದಿ ಫ್ಲ್ಯಾಟು ಹಿಡಿದಾಗಿತ್ತು, ಉಳಿದ ಅರ್ಧ ಹಿಡಿದವರಿಗೆ ಬುದ್ಧಿ ಹೇಳುತ್ತಿದ್ದರು. ನಮಗೆ ಮಕ್ಕಳಿಲ್ಲ, ಇಬ್ಬರಿಗೆ ಎಷ್ಟು ಜಾಗ ಬೇಕು ಎಂದುಕೊಂಡು ಮಣಿಕೊಂಡದಲ್ಲಿ ಮೊದಲನೇ ಮಹಡಿಯ ಒಂದು ಸಣ್ಣ ಫ್ಲ್ಯಾಟು ಹಿಡಿದೆವು. ಹಿಡಿದೆವು ಎನ್ನುವುದು ಮಾತಿಗೆ. ಅಲ್ಲಿ ಆಗ ಇದ್ದದ್ದು ಕಂಬಗಳು ಮತ್ತು ಬಿಲ್ಡರನ ಬಾಯಿ. ಏನು ಕೇಳಿದರೂ "ಅಯಿಪೋತುಂದಮ್ಮಾ" ಎನ್ನುತ್ತಿದ್ದ. ಆಗಿಹೋಗುತ್ತದಮ್ಮಾ ಎಂದರ್ಥ. ತೆಲುಗಿನಲ್ಲಿ ಇಷ್ಟು ಸವಿಯಾದ, ಇಷ್ಟು ಸುಳ್ಳಾದ ಮಾತು ಇನ್ನೊಂದಿಲ್ಲ.

ಪ್ರತಿ ಭಾನುವಾರ ತಿಂಡಿ ಮುಗಿಸಿ ಹೊರಡುತ್ತಿದ್ದೆವು. ಮೆಹದಿಪಟ್ಟಣಂವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ಮಂದಿ ತುರುಕಿದ ಆಟೋ, ರಸ್ತೆ ಮುಗಿದಲ್ಲಿಂದ ಜಾಲಿಮುಳ್ಳಿನ ನಡುವೆ ನಡಿಗೆ. ನನ್ನ ಚೀಲದಲ್ಲಿ ಗೋಡೆ ನೆಟ್ಟಗಿದೆಯೇ ನೋಡುವ ತೂಗುಗುಂಡು, ನೆಲ ಸಮವಿದೆಯೇ ನೋಡುವ ರಸಮಟ್ಟ. ನಮ್ಮವರ ಚೀಲದಲ್ಲಿ ಪೇಪರು. ನಾನು ಗೋಡೆ ಅಳೆಯುತ್ತಿದ್ದರೆ ಅವರು ಸಿಮೆಂಟ್ ಚೀಲದ ಮೇಲೆ ಕೂತು ಪದಬಂಧ ಬಿಡಿಸುತ್ತಿದ್ದರು.

ಹೀಗೆ ಒಂದು ಭಾನುವಾರ ಬಚ್ಚಲಿನ ಇಳಿಜಾರು ಉಲ್ಟಾ ಇರುವುದು ಕಂಡು, ನೀರು ಮೋರಿಗೆ ಹೋಗಬೇಕೋ ನನ್ನ ಹಾಸಿಗೆಗೆ ಬರಬೇಕೋ ಎಂದು ಹಿಂದಿಯಲ್ಲಿ ಗದರುತ್ತಿದ್ದೆ. ಹಿಂದಿನಿಂದ ಯಾರೋ ಕನ್ನಡದಲ್ಲಿ ಅಂದರು: "ಗುಂಡು ಯಾಕ ಬೇಕು, ಈ ಅಕ್ಕಾರ ಬಾಯಿಗೆ ಹೆದರಿ ಗ್ವಾಡಿನ ನೆಟ್ಟಗ ನಿಂದರತೈತಿ."

ತಿರುಗಿ ನೋಡಿದೆ. ತಲೆಯ ಮೇಲೆ ಇಟ್ಟಿಗೆ ಹೊತ್ತ ಹೆಂಗಸು, ಬಾಯಲ್ಲಿ ಸೆರಗಿನ ತುದಿ ಕಚ್ಚಿ ನಗು ತಡೆಯುತ್ತಿದ್ದಾಳೆ. "ಗ್ವಾಡಿ ನೆಟ್ಟಗಾದ್ರ ಸಾಕು. ನಿಮ್ಮ ಮಂದಿನೂ ನೆಟ್ಟಗ ಆಗಬೇಕಲ್ಲ" ಎಂದೆ. ಇಟ್ಟಿಗೆ ಬೀಳುವುದೊಂದು ಬಾಕಿ. "ಅಯ್ಯ ಶಿವನ, ಕನ್ನಡದವ್ರೇನ್ರಿ ಅಕ್ಕಾರ" ಎಂದಳು.

ಅವಳು ಮಲ್ಲಮ್ಮ. ರಾಯಚೂರಿನ ಆಚೆ ದೇವದುರ್ಗದ ಕಡೆಯವಳು. ಗಂಡ ಭೀಮಣ್ಣ ಗೌಂಡಿ, ಬಚ್ಚಲಿನ ಇಳಿಜಾರು ಉಲ್ಟಾ ಮಾಡಿದ ಮಹಾರಾಯ ಅವನೇ. ಆವತ್ತಿನಿಂದ ನಮ್ಮ ಭಾನುವಾರದ ಚಹಾ ಅವಳ ಶೆಡ್ಡಿನಲ್ಲಿ. ಕಟ್ಟಡದ ಮುಂದೆ, ಗೇಟಿನ ಪಕ್ಕಕ್ಕೇ ಆ ಶೆಡ್ಡು. ತಗಡುಗಳಲ್ಲಿ ಹಿಂದಿನ ಕಟ್ಟಡಗಳಲ್ಲಿ ಹೊಡೆದ ಮೊಳೆಯ ತೂತುಗಳು ಚುಕ್ಕೆ ಚುಕ್ಕೆಯಾಗಿದ್ದವು. ಬಿಸಿಲು ಅವುಗಳೊಳಗಿಂದ ನೆಲಕ್ಕೆ ಬಿದ್ದು ಜೋಳ ಚೆಲ್ಲಿದಂತೆ ಕಾಣುತ್ತಿತ್ತು. ನೆಲಕ್ಕೆ ಸಗಣಿಯ ಬದಲು ಸಿಮೆಂಟಿನ ನೀರು ಸಾರಿಸಿದ್ದಳು, ಹೊಸ್ತಿಲಿಲ್ಲದ ಬಾಗಿಲಿಗೆ ಸುಣ್ಣದ ರಂಗೋಲಿ. ನನ್ನ ಕಣ್ಣಿಗೆ ಹಿಡಿಯಲು ಒಂದು ತಪ್ಪು ಸಿಗಲಿಲ್ಲ, ಅದೂ ಒಂದು ಕಿರಿಕಿರಿ. ಅವಳು ಅದನ್ನು ಎಂದೂ ಮನೆ ಎನ್ನುತ್ತಿರಲಿಲ್ಲ. "ಶೆಡ್ಡಿನಾಗ ಕುಂದರ್ರಿ, ಶೆಡ್ಡಿಗೆ ಬೀಗ ಹಾಕೀನ್ರಿ" ಎಂದೇ ಮಾತು. ಮನೆ ಎಂಬುದು ಬೇರೆಲ್ಲೋ ಇರುವ ವಸ್ತು.

ಬೇಸಿಗೆಯ ಮೊದಲಿಗೆ ಒಂದು ದಿನ ಹೋದರೆ ಶೆಡ್ಡಿನೊಳಗೆ ತುಂಬು ಬಸುರಿ ಹುಡುಗಿಯೊಬ್ಬಳು ಕೂತಿದ್ದಳು. ಮಗಳು ಶರಣಮ್ಮ. ಗಂಡನ ಮನೆಯಲ್ಲಿ ಸೀಮಂತದ ಕುಬಸ ಮುಗಿಸಿಕೊಂಡು ಹೆರಿಗೆಗೆ ತಾಯಿಯ ಬಳಿ ಬಂದಿದ್ದಾಳೆ. ನನಗೆ ರೇಗಿತು. ತಗಡಿನ ಬಿಸಿ, ಸಿಮೆಂಟಿನ ಧೂಳು, ಬೆಳಗಿನಿಂದ ಸಂಜೆಯವರೆಗೆ ಕಾಂಕ್ರೀಟು ಕಲೆಸುವ ಯಂತ್ರದ ಗಡಗಡ. ಇಲ್ಲಿ ಯಾರಾದರೂ ಬಸುರಿಯನ್ನು ತಂದಿಡುತ್ತಾರೆಯೇ ಎಂದೆ.

"ಚೊಚ್ಚಲ ಬಾಣಂತನ ತವರಾಗ ಅಲ್ಲೇನ್ರಿ ಅಕ್ಕಾರ?"

"ಹೌದು, ತವರಾಗ. ಶೆಡ್ಡಿನಾಗಲ್ಲ. ಊರಾಗಿನ ನಿಮ್ಮ ಮನಿ ಏನಾತು?"

"ಅದರಾಗ ಮೈದುನ ಅದಾನ್ರಿ. ಅದು ಅವನ ಮಕ್ಕಳಿಗೆ ತವರು ಆತು." ಮಲ್ಲಮ್ಮ ಚಹಾ ಸೋಸುತ್ತ ಸಾವಕಾಶವಾಗಿ ಹೇಳಿದಳು. "ನಾ ಎಲ್ಲಿರ್ತೀನೋ ಅದ ಅಕಿಗೆ ತವರ್ರಿ."

ನಾನು ಮುಂದೆಯೂ ಒಂದಷ್ಟು ಉಪದೇಶ ಮಾಡಿದೆ. ಗಾಳಿ, ಶುಚಿ, ಆಸ್ಪತ್ರೆಯ ಚೀಟಿ. ಅವಳು ಎಲ್ಲದಕ್ಕೂ ಹೌದ್ರಿ ಎಂದು ಇನ್ನೊಂದು ಕಪ್ಪು ಚಹಾ ಕೊಟ್ಟಳು. ನನ್ನ ಮಾತಿಗೆ ಹೌದೆನ್ನುವವರು ಎಂದೂ ಕೇಳಿದವರಲ್ಲ. ಇದು ಮದುವೆಯಾದಂದಿನಿಂದ ನಾನು ಬಲ್ಲ ಸತ್ಯ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ತಾಯಿ ಮಗು ಆಟೋದಲ್ಲಿ ಶೆಡ್ಡಿಗೆ ಬಂದರು. ಬೆನ್ನಿಗೇ ಬಿಲ್ಡರನ ಅಪ್ಪಣೆಯೂ ಬಂತು: ಗೇಟಿನ ಪಕ್ಕದಲ್ಲಿ ನೀರಿನ ಸಂಪು ಅಗೆಯಬೇಕು, ಶೆಡ್ಡು ಕಿತ್ತು ತಗಡುಗಳನ್ನೆಲ್ಲ ಮಿಯಾಪುರದ ಆಚೆಯ ಹೊಸ ಜಾಗಕ್ಕೆ ಸಾಗಿಸಬೇಕು. ಉಳಿದ ಕೂಲಿಯವರು ಆಗಲೇ ಹೊರಟಿದ್ದರು. ಇದು ಅವರಿಗೆಲ್ಲ ಹೊಸದಲ್ಲ. ಒಂದು ಕಟ್ಟಡ ಏಳುತ್ತಿದ್ದಂತೆ ಶೆಡ್ಡು ಬೀಳುತ್ತದೆ, ಅದೇ ತಗಡು ಇನ್ನೊಂದು ಕಡೆ ಏಳುತ್ತದೆ. ಆದರೆ ಹೊಸ ಜಾಗದಲ್ಲಿ ಆಗ ಇದ್ದದ್ದು ಬರೀ ಬಂಡೆ. ತಗಡು ನಿಲ್ಲಿಸಲು ಗುಂಡಿ ತೋಡುವುದಕ್ಕೂ ಯಂತ್ರ ಬರಬೇಕು. ಮುಂಗಾರಿಗೆ ಮೊದಲಿನ ಬಿರುಗಾಳಿ ಶುರುವಾಗಿತ್ತು. ಹಸಿ ಬಾಣಂತಿಯನ್ನು ಗಾಳಿ ತಾಗದಂತೆ, ಬೆಚ್ಚಗೆ, ಮುಚ್ಚಿದ ಕೋಣೆಯಲ್ಲಿಡಬೇಕು. ಬಟಾಬಯಲಿನಲ್ಲಿ ಎಲ್ಲಿಡುವುದು?

ಆ ಭಾನುವಾರ ನಾನು ಹೋದಾಗ ಭೀಮಣ್ಣ ತಗಡಿನ ಮೊಳೆ ಕೀಳಲು ಸುತ್ತಿಗೆ ಹಿಡಿದು ನಿಂತಿದ್ದ. ಕಿತ್ತಿರಲಿಲ್ಲ. ಸುಮ್ಮನೆ ಹಿಡಿದು ನಿಂತಿದ್ದ. ಬಿಲ್ಡರನ ಮೇಸ್ತ್ರಿ ಪಕ್ಕದಲ್ಲೇ ಗೊಣಗುತ್ತಿದ್ದ.

ವಿಷಯ ಕೇಳಿದೆ, ತೀರ್ಮಾನ ಮಾಡಿದೆ. ನನಗೆ ಇಂಥವಕ್ಕೆಲ್ಲ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನಮ್ಮ ಫ್ಲ್ಯಾಟಿಗೆ ಸೂರಿದೆ, ನಾಲ್ಕು ಗೋಡೆಯಿದೆ. ಬಾಗಿಲು ಕಿಟಕಿ ಇಲ್ಲ, ತಾಡಪತ್ರಿ ಕಟ್ಟಿದರಾಯಿತು. ಸಣ್ಣ ಕೋಣೆಯಲ್ಲಿ ಬಾಣಂತಿ ಇರಲಿ ಎಂದು ಹೇಳಿ, ಇಷ್ಟಕ್ಕೆಲ್ಲ ಇಷ್ಟೊಂದು ಮಂದಿ ಯಾಕೆ ನಿಂತಿದ್ದೀರಿ ಎಂದು ಮೇಲಕ್ಕೆ ಹೋಗಿ ನೆಲಕ್ಕೆ ರಸಮಟ್ಟ ಇಟ್ಟೆ.

ಹಿಂದೆಯೇ ಮಲ್ಲಮ್ಮ ಬಂದಳು. ಬಾಗಿಲಿನ ಆಚೆಗೇ ನಿಂತಳು. ಅಲ್ಲಿಯವರೆಗೆ ದಿನಕ್ಕೆ ನೂರು ಸಲ ಅದೇ ಬಾಗಿಲಿನಿಂದ ಇಟ್ಟಿಗೆ ಹೊತ್ತು ಓಡಾಡಿದವಳು.

"ಆಗಂಗಿಲ್ರಿ ಅಕ್ಕಾರ."

"ಏನು ಆಗಂಗಿಲ್ಲ?"

"ಹಾಲು ಉಕ್ಕದ ಮನ್ಯಾಗ ಬಾಣಂತಿ ಹೆಂಗ ಹೊಕ್ಕಾಳ್ರಿ? ನಿಮ್ಮ ಹೊಸ ಮನಿ. ಮೊದಲ ನಿಮ್ಮ ಹಾಲು ಉಕ್ಕಬೇಕು. ನಮ್ಮ ಪುರುಡಿನ ಮೈಲಿಗಿ ಮೊದಲ ಬಂದ್ರ ನಿಮಗ ಛಲೋ ಅಲ್ಲ."

ನಾನು ರಸಮಟ್ಟ ಕೆಳಗಿಟ್ಟೆ. ಹೊರಗೆ ಗಾಳಿ ತಗಡನ್ನು ಬಡಿಯುತ್ತಿರುವುದು ಕೇಳಿಸುತ್ತಿತ್ತು. ಅದರೊಳಗೆ ಕೂಸು ಅಳುತ್ತಿರುವುದೂ ಕೇಳಿಸುತ್ತಿತ್ತು. ಇದೊಂದು ಸಂಪ್ರದಾಯದ ಗಂಟು ಈಗ ನನ್ನ ಕುತ್ತಿಗೆಗೆ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ನಮ್ಮ ಒಳ್ಳೆಯದು ಕೆಟ್ಟದ್ದು ನಾವು ನೋಡಿಕೊಳ್ಳುತ್ತೇವೆ ಎಂದೆ. ಹೌದ್ರಿ ಎಂದಳು. ಒಳಗೆ ಮಾತ್ರ ಕಾಲಿಡಲಿಲ್ಲ. ಶೆಡ್ಡಿಗೆ ಇಲ್ಲದ ಮಡಿ ನನ್ನ ಮನೆಗೆ ಯಾಕೆ ಎಂದು ಕೇಳಿದೆ. ಕೇಳಬಾರದಿತ್ತೇನೋ, ಆದರೆ ಕೇಳಿದ್ದರಿಂದ ಉತ್ತರ ಸಿಕ್ಕಿತು.

"ಶೆಡ್ಡಿಗೂ ಉಕ್ಕಸ್ತೀವಲ್ರಿ. ಎಲ್ಲಿ ತಗಡು ನಿಂದರಸ್ತೀವೋ ಅಲ್ಲೆಲ್ಲಾ ಮೊದಲ ಹಾಲು. ಅದಿಲ್ಲಂದ್ರ ಹೆಂಗ ಮಲಗೂದು?" ಆಮೇಲೆ ನನ್ನ ಹೊಸ ಗೋಡೆಗಳನ್ನು ಒಂದು ಸಲ ನೋಡಿ, ಕನಿಕರದಿಂದ ಹೇಳಿದಳು. "ಇದು ಇನ್ನಾ ಮನಿ ಆಗಿಲ್ರಿ ಅಕ್ಕಾರ. ಬರೇ ಗ್ವಾಡಿ ಐತಿ."

ನನ್ನ ಸಿಟ್ಟನ್ನು ನೀವು ಅರ್ಥಮಾಡಿಕೊಳ್ಳಬೇಕು. ನಮ್ಮ ಗೃಹಪ್ರವೇಶಕ್ಕೆ ಶ್ರಾವಣದಲ್ಲಿ ಮುಹೂರ್ತ ಇಡಿಸಿಯಾಗಿತ್ತು. ಹಿಮಾಯತ್‌ನಗರದ ಪುರೋಹಿತರು, ನಮ್ಮವರ ಅಕ್ಕ ತಂಗಿಯರು, ಅಡುಗೆಯವರು, ಯಾರು ಎಲ್ಲಿ ಕೂರಬೇಕು, ಬಾಳೆಲೆ ಎಲ್ಲಿಂದ ಬರಬೇಕು, ಎಲ್ಲವನ್ನೂ ನಾನು ನಿಗದಿ ಮಾಡಿಟ್ಟಿದ್ದೆ. ನಂಬಿಕೆ ಇಲ್ಲದವರು ಇಷ್ಟೆಲ್ಲ ಯಾಕೆ ಮಾಡಿದಿರಿ ಎಂದು ಕೇಳಬೇಡಿ. ದೇವರಿಗಾಗಿ ಅಲ್ಲ, ಶಿಸ್ತಿಗಾಗಿ. ಒಂದು ಕೆಲಸಕ್ಕೆ ಒಂದು ದಿನ ಗೊತ್ತಾದ ಮೇಲೆ ಅದು ಆ ದಿನವೇ ಆಗಬೇಕು.

ಮೂಲೆಯಲ್ಲಿ ನಮ್ಮವರು ಪದಬಂಧದಿಂದ ತಲೆಯೆತ್ತದೆ ಕೂತಿದ್ದರು. ಅವರು ಮಾತಾಡದೆ ಕೂತಾಗಲೇ ನನಗೆ ಹೆಚ್ಚು ಕೇಳಿಸುತ್ತದೆ.

"ಹಾಲು ಎಷ್ಟು ಬೇಕು?" ಎಂದೆ.

ಮಲ್ಲಮ್ಮ ನನ್ನ ಮುಖ ನೋಡಿದಳು. "ಒಂದು ಪಾಕೀಟು ಸಾಕ್ರಿ."

ಹಾಲಿನ ಪಾಕೀಟು ಭೀಮಣ್ಣ ತಂದ. ಮಲ್ಲಮ್ಮ ಅಡುಗೆಮನೆಯಾಗಬೇಕಿದ್ದ ಜಾಗದಲ್ಲಿ ಮೂರು ಇಟ್ಟಿಗೆ ಇಟ್ಟು, ಸೆಂಟ್ರಿಂಗಿನ ಕಟ್ಟಿಗೆ ಚೂರು ಹಾಕಿ ಬೆಂಕಿ ಹಚ್ಚಿದಳು. ತನ್ನ ಬೋಗುಣಿ ತಂದು ಕೊಟ್ಟಳು, ಹೊರಮೈ ಇದ್ದಲಿನಂತಿತ್ತು, ಒಳಮೈ ಬೆಳ್ಳಿಯಂತಿತ್ತು. ನೀವ ಇಡ್ರಿ ಎಂದಳು. ಇಟ್ಟೆ. ಹೊಗೆ ಕಣ್ಣಿಗೆ ಬಂತು. ಹಾಲು ಬಿಸಿಯಾಯಿತು, ಕೆನೆ ಕಟ್ಟಿತು, ಅಂಚಿನಲ್ಲಿ ಸುಕ್ಕು ಬಿತ್ತು. ನನ್ನ ಕೈ ಹೋಗಿ, ಸೆರಗಿನಿಂದ ಹಿಡಿದು ಬೋಗುಣಿಯನ್ನು ಇಳಿಸಿಬಿಟ್ಟಿತು.

"ಇಳಿಸಿದ್ರಲ್ರೀ ಅಕ್ಕಾರ" ಎಂದಳು ಮಲ್ಲಮ್ಮ. ಮೂಲೆಯಲ್ಲಿ ಪೇಪರು ಅಲ್ಲಾಡುತ್ತಿತ್ತು. ಅದರ ಹಿಂದೆ ನಗುತ್ತಿದ್ದಾರೆ ಎಂದು ಗೊತ್ತಾಯಿತು. ಮತ್ತೆ ಇಟ್ಟೆ. ಮತ್ತೆ ಸುಕ್ಕು ಬಿತ್ತು. ಮತ್ತೆ ಕೈ ಹೋಯಿತು. ಈ ಸಲ ಮಲ್ಲಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಅಂಗೈ ಅರದಂತಿತ್ತು.

"ಬಿಡ್ರಿ" ಎಂದಳು. "ಉಕ್ಕಲಿ."

ಉಕ್ಕಿತು. ಇಟ್ಟಿಗೆಯ ಮೇಲೆ ಚರ್ರೆಂದು ಇಳಿದು, ಬೂದಿಯನ್ನು ತೋಯಿಸಿ, ನಾನು ಅಳೆದು ಅಳೆದು ಸಮ ಮಾಡಿಸಿದ್ದ ನೆಲದ ಮೇಲೆ ಹರಿಯಿತು. ನೆಲ ಸಮವಾಗಿಯೇ ಇತ್ತು, ಹಾಲು ಯಾವ ಕಡೆಗೂ ಓಡದೆ ಸುತ್ತಲೂ ಹರಡಿಕೊಂಡಿತು. ಮಲ್ಲಮ್ಮ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ಮನಿ ಆತ್ರಿ" ಎಂದು ಹೇಳಿ, ಮಗಳನ್ನು ಕರೆತರಲು ಇಳಿದುಹೋದಳು.

ನಮ್ಮವರು ಗಡಿಯಾರ ನೋಡಿಕೊಂಡು ಮೆಲ್ಲಗೆ, "ಈಗ ರಾಹುಕಾಲ ಕಣೇ" ಎಂದರು.

"ರಾಹುಗೂ ಒಂದು ಮನಿ ಬೇಕಲ್ರೀ. ಬರ್ಲಿ" ಎಂದೆ.

ಆಮೇಲಿನ ದಿನಗಳಲ್ಲಿ ನಾನು ಪಟ್ಟ ಪಾಡು ಕೇಳಿ. ನನ್ನದೇ ಫ್ಲ್ಯಾಟಿಗೆ ನಾನು ಹೋದರೆ ಬಾಗಿಲಿಗೆ ಕೌದಿಯ ಪರದೆ, ಆಚೆಯಿಂದ ಅಪ್ಪಣೆ: "ಕೈಕಾಲು ತೊಳಕೊಂಡು ಬರ್ರಿ ಅಕ್ಕಾರ, ಹೊರಗಿನ ಗಾಳಿ ತರಬ್ಯಾಡ್ರಿ." ಒಳಗೆ ಒಂದು ಬಾಣಲೆಯಲ್ಲಿ ಕೆಂಡ, ಅದಕ್ಕೆ ಓಮ, ಬೆಳ್ಳುಳ್ಳಿ ಸಿಪ್ಪೆ. ಹೊಗೆ ಏರಿ ಏರಿ ಸಣ್ಣ ಕೋಣೆಯ ಹೊಸ ಗೋಡೆ ಮೊಣಕಾಲೆತ್ತರದಿಂದ ಮೇಲಕ್ಕೆ ಕಪ್ಪಾಯಿತು. ಫ್ಯಾನಿನ ಕೊಕ್ಕೆಗೆ ಸೀರೆ ಕಟ್ಟಿ ತೊಟ್ಟಿಲು ಮಾಡಿದ್ದರು. ಆ ಕೊಕ್ಕೆಯನ್ನು ನಾನು ಇನ್ನೂ ಪರೀಕ್ಷಿಸಿರಲಿಲ್ಲ. ಕೂಸನ್ನು ಇಳಿಸಿ, ಒಂದು ಸಿಮೆಂಟ್ ಚೀಲ ಕಟ್ಟಿ ತೂಗಿಸಿ, ಕೊಕ್ಕೆ ಕದಲಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಮತ್ತೆ ಹಾಕಗೊಟ್ಟೆ. ಬಾಣಂತಿ ಮೊದಲ ಸಲ ಬಾಯಿಬಿಟ್ಟು ನಕ್ಕದ್ದು ಆವತ್ತು. ಟೈಲ್ಸ್ ಹಾಕಲು ನಿಮ್ಮ ಫ್ಲ್ಯಾಟು ಯಾವಾಗ ಖಾಲಿಯಾಗುತ್ತದೆ ಎಂದು ಬಿಲ್ಡರ್ ಬಂದು ಕೇಳಿದ. "ಅಯಿಪೋತುಂದಿ" ಎಂದೆ. ಇಷ್ಟು ತೃಪ್ತಿಯಿಂದ ನಾನು ಇನ್ನೊಂದು ತೆಲುಗು ಮಾತು ಆಡಿಲ್ಲ.

ಕೂಸಿಗೆ ಹೆಸರಿಟ್ಟ ಮೇಲೆ ಅವರು ಹೋದರು. ಶ್ರಾವಣದಲ್ಲಿ ನಮ್ಮ ಗೃಹಪ್ರವೇಶ ಗೊತ್ತುಮಾಡಿದ ದಿನವೇ, ಗೊತ್ತುಮಾಡಿದ ಹಾಗೆಯೇ ಆಯಿತು. ಇದೇ ಮೊದಲ ಹಾಲು ತಾನೇ ಎಂದು ಪುರೋಹಿತರು ಕೇಳಿದರು. ನಮ್ಮವರಿಗೆ ಕೆಮ್ಮು ಬಂತು. ಹೊಸ ಸೀರೆ ಉಟ್ಟು ಮಿಯಾಪುರದಿಂದ ಬಂದು ಹಿಂದೆ ನಿಂತಿದ್ದ ಮಲ್ಲಮ್ಮ ನನ್ನ ಕಿವಿಯ ಹತ್ತಿರ ಬಾಗಿ, "ಈ ಸಲ ಕೈ ಛಲೋ ತಡಕೊಂಡ್ರಿ" ಎಂದಳು.

ಗೇಟಿನ ಪಕ್ಕದಲ್ಲಿ ಶೆಡ್ಡು ಇದ್ದ ಜಾಗದಲ್ಲಿ ಸಂಪು ಆಯಿತು, ಸಂಪಿನ ಮುಚ್ಚಳದ ಮೇಲೆ ಯಾರದೋ ಕಾರು ಬಂತು, ಕಾರಿಗೆ ಬಿಸಿಲು ತಾಗಬಾರದೆಂದು ತಗಡಿನ ಮಾಡು ಬಂತು. ಅದಕ್ಕೂ ಶೆಡ್ಡೆಂದೇ ಹೆಸರು. ಹೊಸ ತಗಡು, ಒಂದೂ ತೂತಿಲ್ಲ.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ, ನಾವು ಊಟಕ್ಕೆ ಕೂತಿದ್ದಾಗ, ವಾಚ್‌ಮನ್ ಯಾರನ್ನೋ ಮೇಲೆ ಕಳಿಸಿದ. ಶರಣಮ್ಮ. ಕೈಯಲ್ಲಿ ಎರಡು ಜಡೆಯ ಹುಡುಗಿ. ಎಲ್ಲೋ ದೂರದ ಕಟ್ಟಡದಲ್ಲಿದ್ದ ತಾಯಿಯನ್ನು ನೋಡಲು ಊರಿನಿಂದ ಬಂದವಳು, ಹೋಗುವ ದಾರಿಯಲ್ಲಿ ಇಳಿದಿದ್ದಳು. ಊಟದ ಹೊತ್ತಿಗೆ ಹೇಳದೆ ಕೇಳದೆ ಬರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇಬ್ಬರಿಗೂ ತಟ್ಟೆ ಹಾಕಿದೆ. ಉಂಡಾದ ಮೇಲೆ ಅವಳು ಮಗಳನ್ನು ಕರೆದುಕೊಂಡು ಸಣ್ಣ ಕೋಣೆಗೆ ಹೋದಳು. ಆ ಗೋಡೆಗೆ ಎಷ್ಟು ಸಲ ಬಣ್ಣ ಹೊಡೆಸಿದರೂ ಒಂದು ಬೇಸಿಗೆ ಕಳೆಯುವುದರೊಳಗೆ ಹೊಗೆಯ ಕಲೆ ಮತ್ತೆ ಮೂಡುತ್ತದೆ. ಬಣ್ಣದವರನ್ನೆಲ್ಲ ಬೈದು ಮುಗಿಸಿದ್ದೇನೆ. "ಇನ್ನಾ ಐತಲ್ರಿ" ಎಂದು ಶರಣಮ್ಮ ಅದರ ಮೇಲೆ ಕೈಯಿಟ್ಟಳು.

ಹೊರಡುವಾಗ ಸೆರಗೊಡ್ಡಿ ನಿಂತಳು. ನನಗೆ ತಿಳಿಯಲಿಲ್ಲ.

"ತವರಿಗೆ ಬಂದು ಬರೇ ಉಡಿಲೆ ಹೋಗಬಾರದ್ರಿ ಅಕ್ಕಾರ."

"ನಾ ಏನ್ ನಿನ್ನ ತಾಯಿ ಅಲ್ಲಲ್ಲವಾ" ಎಂದೆ.

"ನೀವ್ ಅಲ್ರಿ" ಎಂದಳು, ಇಷ್ಟು ಸಾದಾ ವಿಷಯ ಈ ಮುದುಕಿಗೆ ತಿಳಿಯುವುದಿಲ್ಲವಲ್ಲ ಎಂಬಂತೆ. "ಮನಿ."

ಅಕ್ಕಿ ಇತ್ತು, ಕೊಬ್ಬರಿ ಇತ್ತು, ಅರಿಶಿನ ಕುಂಕುಮ ಇತ್ತು. ರವಿಕೆಯ ಬಟ್ಟೆ ಹುಡುಕಲು ಬೀರು ತೆಗೆದೆ, ನನ್ನ ಬೀರುವಿನಲ್ಲಿ ಹುಡುಕುವ ಪ್ರಮೇಯವೇ ಬರುವುದಿಲ್ಲ, ಆವತ್ತು ಮಾತ್ರ ಏನೂ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ನಮ್ಮವರು ಬಂದು ತೆಗೆದುಕೊಟ್ಟರು. ಉಡಿ ತುಂಬಿದೆ. ಅವರಿಬ್ಬರೂ ಗೇಟು ದಾಟುವವರೆಗೆ ಕಿಟಕಿಯಲ್ಲಿ ನಿಂತಿದ್ದೆ. ಕಾರಿನ ಶೆಡ್ಡಿನ ಮುಂದೆ ತಾಯಿ ನಿಂತು ಮಗಳಿಗೆ ಏನೋ ತೋರಿಸಿದಳು. ಬೆರಳು ಮೊದಲು ಕಾರಿನ ಕಡೆಗಿತ್ತು, ಆಮೇಲೆ ಮೇಲಕ್ಕೆ, ನಮ್ಮ ಕಿಟಕಿಯ ಕಡೆಗೆ ಬಂತು.

ಸರಿ, ಇವತ್ತಿನ ಹಾಲಿಗೆ ಬರೋಣ. ವಾಸನೆ ಹಿಡಿದು ನಮ್ಮವರು ಒಳಗೆ ಬಂದರು. ಒಲೆ ನೋಡಿದರು, ನನ್ನನ್ನು ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಮಾತಾಡಬಾರದ ಹೊತ್ತು ಯಾವುದೆಂದು ಅವರು ಕಲಿತಿದ್ದಾರೆ. ತಮ್ಮ ಪೇಪರಿಗೆ ಹಿಂತಿರುಗಿದರು. ಅಷ್ಟರಲ್ಲಿ ಬಾಗಿಲ ಗಂಟೆ. ಮೂರನೇ ಮಹಡಿಯ ಹುಡುಗ. ಬಿಲ್ಡರ್ ಬರುವ ಹೊತ್ತಾಯಿತು ಆಂಟಿ, ಶೆಡ್ಡಿನ ವಿಷಯ ನೀವೇ ಶುರುಮಾಡಿ ಎಂದ.

ಮೊದಲು ಆ ಶೆಡ್ಡು ಯಾರ ತವರುಮನೆ ಎಂದು ಕೇಳಿಕೊಂಡು ಬಾ ಎಂದು ಹಿಂದಿಯಲ್ಲಿ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಅದು ಲೇಬರ್ ಶೆಡ್ಡಲ್ಲವೇ ಆಂಟಿ ಎಂದ. ಗೊತ್ತು, ಒಳಗೆ ಬಾಣಂತಿ ಇದ್ದಾಳೋ, ಬಸುರಿ ಇದ್ದಾಳೋ, ಕೇಳಿಕೊಂಡು ಬಾ, ಬಿಲ್ಡರನ ಹತ್ತಿರ ಆಮೇಲೆ ಮಾತಾಡುತ್ತೇನೆ ಎಂದೆ. ಹೇಗೆ ಕೇಳುವುದು ಎಂದು ತಲೆ ಕೆರೆದುಕೊಂಡು ನಿಂತ. ಈಗಿನವರಿಗೆ ಪ್ರತಿಯೊಂದನ್ನೂ ಕೈಹಿಡಿದು ಕಲಿಸಬೇಕು. ಕೊನೆಗೆ ನಿಲ್ಲು, ನಾನೇ ಬರುತ್ತೇನೆ ಎಂದೆ.

ಒಲೆ ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಅದನ್ನು ಅಲ್ಲಿಯೇ ಇಟ್ಟು, ಫ್ರಿಜ್ಜಿನಿಂದ ಇನ್ನೊಂದು ಹಾಲಿನ ಪಾಕೀಟು ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ. ಆ ನೀಲಿ ತಗಡಿನ ಕೆಳಗೆ ಹಾಲು ಉಕ್ಕಿದೆಯೋ ಇಲ್ಲವೋ, ಮೊದಲು ಅದನ್ನು ಕೇಳಬೇಕು. ಒಲೆ ಆಮೇಲೆ ಒರೆಸಿದರಾಯಿತು.